ಕ್ರೋಮ್ ಬಿಟ್ಟರೆ ಯಾವುದು? ಫೈರ್‌ಫಾಕ್ಸ್, ಲಿಬ್ರೆವುಲ್ಫ್, ಬ್ರೇವ್, ಮಲ್ವಾಡ್: ಕನ್ನಡ ಓದಲು, ಬ್ಯಾಂಕಿಗೆ, ಜಿಎಸ್‌ಟಿಗೆ

ಪ್ರಶ್ನೆ: ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ಜಾಹೀರಾತು ಮತ್ತು ನಮ್ಮ ಓಡಾಟ ಹಿಂಬಾಲಿಸುವ ಟ್ರ್ಯಾಕರ್‌ಗಳನ್ನು ತಡೆಯುವ ಯುಬ್ಲಾಕ್ ಒರಿಜಿನ್ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಕ್ರೋಮ್‌ನಿಂದ ಹೋಯಿತು. ಅದರ ಜಾಗಕ್ಕೆ ಬಂದಿರುವ ಲೈಟ್ ಆವೃತ್ತಿಯೇ ಸಾಕೋ, ಬ್ರೌಸರನ್ನೇ ಬದಲಾಯಿಸಬೇಕೋ ಅಂತ ತೀರ್ಮಾನ ಮಾಡಬೇಕಿದೆ.

ಬಳಕೆ ಇಷ್ಟು: ಕಚೇರಿಯಲ್ಲಿ 8 ಜಿಬಿ ರ‍್ಯಾಮ್ ಇರುವ ವಿಂಡೋಸ್ 11 ಲ್ಯಾಪ್‌ಟಾಪ್. ಅದರಲ್ಲಿ ನೆಟ್ ಬ್ಯಾಂಕಿಂಗ್, ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಚುಚ್ಚಿ ಜಿಎಸ್‌ಟಿ ರಿಟರ್ನ್ ಸಲ್ಲಿಕೆ, ಫೋಟೊ-ಸಹಿ ಸೇರಿಸುವ ಆನ್‌ಲೈನ್ ಅರ್ಜಿಗಳು. ಮನೆಯಲ್ಲಿ ಉಬುಂಟು 24.04. ಕೈಯಲ್ಲಿ ಆಂಡ್ರಾಯ್ಡ್ ಫೋನ್. ಓದುವುದು ಬಹುಪಾಲು ಕನ್ನಡ ಸುದ್ದಿತಾಣ, ಬ್ಲಾಗು. ನುಡಿ ಫಾಂಟ್‌ಗಳೂ ಇನ್‌ಸ್ಟಾಲ್ ಆಗಿವೆ.

ತಿಳಿಯಬೇಕಾದದ್ದು: ಓಪನ್ ಸೋರ್ಸ್ ಅಂದ ಮಾತ್ರಕ್ಕೆ ಖಾಸಗಿತನ ಗಟ್ಟಿ ಅಂತಲೇ? ಲಿಬ್ರೆವುಲ್ಫ್, ಬ್ರೇವ್, ಮಲ್ವಾಡ್ ಇವುಗಳಲ್ಲಿ ಯಾವುದು ಯಾವ ಕೆಲಸಕ್ಕೆ? ಸರ್ಕಾರದ ಸ್ಪರ್ಧೆಯಲ್ಲಿ ಗೆದ್ದ ಉಲಾ ಬ್ರೌಸರ್ ಹೇಗೆ? ಬದಲಾಯಿಸಿದ ಮೇಲೆ ಏನೇನು ಕೆಡುತ್ತದೆ ಅನ್ನುವುದನ್ನು ಮೊದಲೇ ಹೇಳಿದರೆ ಉಪಕಾರ.

ಉತ್ತರ 1: ತೆರೆದ_ಕಿಟಕಿ

ಕ್ರೋಮ್‌ನಲ್ಲಿ ಏನು ಬದಲಾಯಿತು ಅನ್ನುವುದರಿಂದಲೇ ಶುರು ಮಾಡುತ್ತೇನೆ, ಆಯ್ಕೆ ನಿಂತಿರುವುದು ಅದರ ಮೇಲೆ. ಎಕ್ಸ್‌ಟೆನ್ಶನ್‌ಗಳು ಏನೇನು ಮಾಡಬಹುದು ಅಂತ ಹೇಳುವ ನಿಯಮಾವಳಿಯ ಹಳೆಯ ಆವೃತ್ತಿ ಮ್ಯಾನಿಫೆಸ್ಟ್ ವಿ2 ಇದ್ದಾಗ ಪುಟ ಕಳಿಸುವ ಪ್ರತಿ ಕೋರಿಕೆಯನ್ನೂ ಎಕ್ಸ್‌ಟೆನ್ಶನ್ ಆ ಕ್ಷಣದಲ್ಲೇ ನೋಡಿ, ಬಿಡಬೇಕೋ ತಡೆಯಬೇಕೋ ಅಂತ ತಾನೇ ನಿರ್ಧರಿಸುತ್ತಿತ್ತು. ವಿ3ರಲ್ಲಿ ಅದು ನಿಯಮಗಳ ಪಟ್ಟಿಯನ್ನು ಮೊದಲೇ ಬ್ರೌಸರ್ ಕೈಗೆ ಕೊಟ್ಟುಬಿಡಬೇಕು, ಮುಂದಿನದು ಬ್ರೌಸರ್ ಪಾಲು. 2025ರಲ್ಲಿ ಎಲ್ಲರಿಗೂ ವಿ2 ನಿಂತಿತು. ಸಂಸ್ಥೆಗಳಿಗೆ ಇದ್ದ ವಿನಾಯಿತಿಯೂ ಕ್ರೋಮ್ 139ರಲ್ಲಿ ಹೋಯಿತು.

ಯುಬ್ಲಾಕ್ ಒರಿಜಿನ್ ಲೈಟ್ ಕೆಟ್ಟದ್ದೇನಲ್ಲ, ಬರೆದವರು ಅದೇ ರೇಮಂಡ್ ಹಿಲ್. ಆದರೆ ಅದರ ಪಟ್ಟಿಗಳು ಹೊಸದಾಗುವುದು ಎಕ್ಸ್‌ಟೆನ್ಶನ್ನಿನ ಹೊಸ ಆವೃತ್ತಿ ಬಂದಾಗ ಮಾತ್ರ. ಯಾವ ತಾಣದಲ್ಲಿ ಯಾವ ಮೂರನೆಯವರ ಸ್ಕ್ರಿಪ್ಟ್ ಓಡಬೇಕು ಅಂತ ಒಂದೊಂದಾಗಿ ಒತ್ತಿ ನಿಲ್ಲಿಸುವ ಡೈನಾಮಿಕ್ ಫಿಲ್ಟರಿಂಗ್ ಅದರಲ್ಲಿಲ್ಲ. ಟ್ರ್ಯಾಕರ್ ಒಂದು ತಾಣದ ಸ್ವಂತ ಉಪಡೊಮೇನ್ ಹೆಸರಿನಲ್ಲಿ ಬಂದು ಕೂತಾಗ ತಾಣದ ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್‌ನಲ್ಲಿ ಅದರ ನಿಜ ಹೆಸರು ಕೆದಕಿ ತಡೆಯುವ ಶಕ್ತಿ ಇರುವುದು ಫೈರ್‌ಫಾಕ್ಸ್‌ನಲ್ಲಿ ಓಡುವ ಪೂರ್ಣ ಯುಬ್ಲಾಕ್‌ಗೆ. ಬ್ರೇವ್ ಈ ಕೆಲಸವನ್ನು ತನ್ನ ಶೀಲ್ಡ್ಸ್ ಎಂಬ ತಡೆ ವ್ಯವಸ್ಥೆಯ ಒಳಗೇ ಮಾಡಿಕೊಳ್ಳುತ್ತದೆ.

ಓಪನ್ ಸೋರ್ಸ್ ಅನ್ನುವುದು ಪರಿಶೀಲನೆಗೆ ಬಾಗಿಲು ತೆರೆದಿದೆ ಅಂತ ಹೇಳುತ್ತದೆ, ಅಷ್ಟೇ. ಒಳಗಿನ ಡೀಫಾಲ್ಟ್ ನಿಮ್ಮ ಪರವಾಗಿದೆ ಅಂತ ಅಲ್ಲ. ಎರಡು ಉದಾಹರಣೆ ಕೊಡುತ್ತೇನೆ. 2020ರ ಜೂನ್‌ನಲ್ಲಿ ಬ್ರೇವ್‌ನ ವಿಳಾಸಪಟ್ಟಿಯಲ್ಲಿ ಬೈನಾನ್ಸ್ ಎಂಬ ಕ್ರಿಪ್ಟೊ ವಹಿವಾಟು ತಾಣದ ಹೆಸರು ಟೈಪ್ ಮಾಡಿದರೆ ಕಂಪನಿಗೆ ಕಮಿಶನ್ ಬರುವ ರೆಫರಲ್ ವಿಳಾಸ ತಾನಾಗಿ ತುಂಬಿಕೊಳ್ಳುತ್ತಿತ್ತು. ಬಳಕೆದಾರರು ಹಿಡಿದು ಕೇಳಿದ ಮೇಲೆ ತೆಗೆದರು. 2024ರ ಜುಲೈನಲ್ಲಿ ಬಂದ ಫೈರ್‌ಫಾಕ್ಸ್ 128ರಲ್ಲಿ ಜಾಹೀರಾತು ಅಳೆಯುವ ಒಂದು ಪ್ರಯೋಗವನ್ನು ಯಾರನ್ನೂ ಕೇಳದೆ ಆನ್ ಮಾಡಿಟ್ಟಿದ್ದರು. ಯುರೋಪಿನ ಖಾಸಗಿತನ ಹಕ್ಕಿನ ಸಂಸ್ಥೆ ನೋಯ್ಬ್ ದೂರು ಕೊಟ್ಟಿತು, ಮುಂದೆ ಫೈರ್‌ಫಾಕ್ಸ್ ತಯಾರಿಸುವ ಮೊಝಿಲ್ಲಾ ಅದನ್ನು ಕೈಬಿಟ್ಟಿತು. ಎರಡೂ ಎಂಪಿಎಲ್ 2.0 ಪರವಾನಗಿಯ ತೆರೆದ ಕೋಡ್. ತೆರೆದಿದ್ದರಿಂದ ಬೇಗ ಸಿಕ್ಕಿಬಿದ್ದವು, ಅದೇ ಲಾಭ. ಹಾಗಾಗಿ ಲೈಸೆನ್ಸ್ ನೋಡಿದ ಮೇಲೆ ಇನ್ನೂ ಎರಡು ಕೇಳಿಕೊಳ್ಳಿ: ಡೀಫಾಲ್ಟ್ ಏನಿದೆ? ಭದ್ರತಾ ಅಪ್‌ಡೇಟ್ ಎಷ್ಟು ಬೇಗ ಕೈಸೇರುತ್ತದೆ?

ಎರಡನೆಯದನ್ನು ಜನ ಮರೆತೇಬಿಡುತ್ತಾರೆ. ಕ್ರೋಮ್‌ಗೆ 2023ರ ಆಗಸ್ಟ್‌ನಿಂದ ವಾರಕ್ಕೊಂದು ಭದ್ರತಾ ಅಪ್‌ಡೇಟ್ ಬರುತ್ತಿದೆ. ಅದೇ ಎಂಜಿನ್ ಇಟ್ಟುಕೊಂಡ ಅನ್‌ಗೂಗಲ್ಡ್ ಕ್ರೋಮಿಯಂಗೆ ತಾನಾಗಿ ಅಪ್‌ಡೇಟ್ ಆಗುವ ವ್ಯವಸ್ಥೆಯೇ ಇಲ್ಲ. ಗೂಗಲ್ ಇಲ್ಲದ ಬ್ರೌಸರ್ ಅಂತ ಹಾಕಿಕೊಂಡು ಮೂರು ತಿಂಗಳು ಹಾಗೇ ಬಿಟ್ಟರೆ, ಎಲ್ಲರಿಗೂ ಗೊತ್ತಾಗಿರುವ ರಂಧ್ರಗಳೊಂದಿಗೆ ನೆಟ್ ಬ್ಯಾಂಕಿಂಗ್ ಮಾಡಿದಂತೆ. ನಿಮ್ಮ ಕಚೇರಿ ಲ್ಯಾಪ್‌ಟಾಪ್‌ಗೆ ಅದು ಬೇಡವೇ ಬೇಡ.

ದಿನಬಳಕೆಗೆ ನನ್ನ ಆಯ್ಕೆ ಸಾದಾ ಫೈರ್‌ಫಾಕ್ಸ್, ಪೂರ್ಣ ಯುಬ್ಲಾಕ್ ಒರಿಜಿನ್ ಜೊತೆ. ಮಾಡಬೇಕಾದ ಬದಲಾವಣೆ ಹೆಚ್ಚಿಲ್ಲ:

ಸೆಟ್ಟಿಂಗ್ಸ್‌ನ ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ ಪುಟದಲ್ಲಿ ಟ್ರ್ಯಾಕಿಂಗ್ ರಕ್ಷಣೆಯನ್ನು ಸ್ಟ್ರಿಕ್ಟ್‌ಗೆ ಇಡಿ. ಪ್ರತಿ ತಾಣಕ್ಕೂ ಬೇರೆ ಕುಕ್ಕಿ ಡಬ್ಬಿ ಕೊಡುವ ಟೋಟಲ್ ಕುಕ್ಕಿ ಪ್ರೊಟೆಕ್ಷನ್ 2022ರ ಜೂನ್‌ನಿಂದ ಡೆಸ್ಕ್‌ಟಾಪ್‌ನಲ್ಲಿ ಎಲ್ಲರಿಗೂ ಆನ್ ಇದೆ. ಸ್ಟ್ರಿಕ್ಟ್‌ನಲ್ಲಿ ಫಿಂಗರ್‌ಪ್ರಿಂಟಿಂಗ್ (ಯಂತ್ರದ ಲಕ್ಷಣಗಳಿಂದ ಗುರುತು ಹಿಡಿಯುವುದು) ತಡೆಯೂ ಬಿಗಿಯಾಗುತ್ತದೆ. ಅದೇ ಪುಟದಲ್ಲಿ ಕೆಳಗೆ, ಮೊಝಿಲ್ಲಾಗೆ ತಾಂತ್ರಿಕ ಮಾಹಿತಿ ಕಳಿಸುವ ಮತ್ತು ಸ್ಟಡೀಸ್ ಓಡಿಸುವ ಟಿಕ್‌ಗಳನ್ನು ತೆಗೆಯಿರಿ. ಗೂಢಲಿಪಿಯ ಸಂಪರ್ಕವನ್ನಷ್ಟೇ ಬಳಸುವ ಎಚ್‌ಟಿಟಿಪಿಎಸ್-ಓನ್ಲಿ ಮೋಡ್ ಎಲ್ಲ ವಿಂಡೋಗಳಿಗೂ ಆನ್ ಮಾಡಿ. ಹಳೆಯ ತಾಣ ಯಾವುದಾದರೂ ಎಚ್ಚರಿಕೆ ತೋರಿಸಿದರೆ, ಅಲ್ಲಿ ಪಾಸ್‌ವರ್ಡ್ ಹಾಕುವುದಿಲ್ಲ ಅಂತಾದರೆ ಮಾತ್ರ ಮುಂದೆ ಹೋಗಿ. ಹೋಮ್ ಪುಟದ ಸ್ಪಾನ್ಸರ್ಡ್ ಶಾರ್ಟ್‌ಕಟ್, ಹುಡುಕುಪಟ್ಟಿಯ ಸಲಹೆಗಳನ್ನು ಆಫ್ ಮಾಡಿ. ಸಲಹೆ ಆನ್ ಇದ್ದರೆ ನೀವು ಎಂಟರ್ ಒತ್ತುವ ಮುಂಚೆಯೇ ಅಕ್ಷರಗಳು ಹುಡುಕಾಟದ ಕಂಪನಿಗೆ ಹೋಗುತ್ತಿರುತ್ತವೆ.

ತಾಣದ ಹೆಸರು ಹುಡುಕುವ ಕೋರಿಕೆಯನ್ನು ಗೂಢಲಿಪಿಯಲ್ಲಿ ಕಳಿಸುವ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಅನ್ನು ಇನ್‌ಕ್ರೀಸ್ಡ್ ಮಟ್ಟಕ್ಕೆ ಇಟ್ಟರೆ ಸಾಕು. ಮ್ಯಾಕ್ಸ್ ಇಟ್ಟರೆ ಕಾಲೇಜು, ಕಚೇರಿಯ ಒಳಜಾಲದ ಹೆಸರುಗಳು ತೆರೆಯುವುದಿಲ್ಲ, ಕೆಲವು ಕಡೆ ವೈಫೈ ಲಾಗಿನ್ ಪುಟವೇ ಬರುವುದಿಲ್ಲ. ಇದನ್ನು ಆನ್ ಮಾಡಿದರೆ ಇಂಟರ್ನೆಟ್ ಕಂಪನಿಗೆ ಏನೂ ಕಾಣದು ಅನ್ನುವ ಭ್ರಮೆ ಬೇಡ. ಯಾವ ಐಪಿ ವಿಳಾಸಕ್ಕೆ ಹೋದಿರಿ ಅನ್ನುವುದು ಕಂಡೇ ಕಾಣುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಓಡಾಡುತ್ತಿದೆ: ಫೈರ್‌ಫಾಕ್ಸ್‌ನ ಸೇಫ್ ಬ್ರೌಸಿಂಗ್ ನೀವು ತೆರೆದ ಪ್ರತಿ ವಿಳಾಸವನ್ನೂ ಗೂಗಲ್‌ಗೆ ಕಳಿಸುತ್ತದೆ ಅಂತ. ಹಾಗಲ್ಲ. ಅಪಾಯದ ತಾಣಗಳ ಪಟ್ಟಿ ನಿಮ್ಮ ಯಂತ್ರಕ್ಕೇ ಇಳಿಯುತ್ತದೆ, ಹೋಲಿಕೆ ಅಲ್ಲೇ ನಡೆಯುತ್ತದೆ. ಹೊಂದಿಕೆ ಕಂಡಾಗ ಮಾತ್ರ ವಿಳಾಸದಿಂದ ಲೆಕ್ಕಹಾಕಿದ ಸಂಕೇತದ (ಹ್ಯಾಶ್‌ನ) ಒಂದು ತುಣುಕು ಹೋಗುತ್ತದೆ. ಆದರೆ ವಿಂಡೋಸ್‌ನಲ್ಲಿ ಇನ್‌ಸ್ಟಾಲರ್‌ನಂಥ ಕಡತ ಇಳಿಸಿದಾಗ ಅದರ ವಿವರ ಪರಿಶೀಲನೆಗೆ ಹೋಗಬಹುದು. ಅದು ಬೇಡವಾದರೆ ಡೌನ್‌ಲೋಡ್ ಪರಿಶೀಲನೆಯ ಟಿಕ್ ಮಾತ್ರ ತೆಗೆಯಿರಿ, ಇಡೀ ಸೇಫ್ ಬ್ರೌಸಿಂಗ್ ಆಫ್ ಮಾಡಬೇಡಿ. ಮೋಸದ ಬ್ಯಾಂಕ್ ಪುಟಗಳ ಲಿಂಕು ದಿನಾ ಎಸ್‌ಎಂಎಸ್‌ನಲ್ಲಿ ಬರುವ ಕಾಲ ಇದು.

ಯುಬ್ಲಾಕ್‌ನಲ್ಲಿ ಕನ್ನಡದವರು ಮಾಡಲೇಬೇಕಾದ ಒಂದು ಕೆಲಸವಿದೆ. ಅದರ ಡ್ಯಾಶ್‌ಬೋರ್ಡ್ ತೆರೆದು ಫಿಲ್ಟರ್ ಲಿಸ್ಟ್ಸ್, ಅದರ ಕೆಳಗೆ ರೀಜನ್ಸ್-ಲ್ಯಾಂಗ್ವೇಜಸ್ ಗುಂಪಿಗೆ ಹೋಗಿ. ಇಂಡಿಯನ್‌ಲಿಸ್ಟ್ ಅಂತ ಒಂದು ಪಟ್ಟಿ ಇದೆ, ಕನ್ನಡ ಸೇರಿ ನಮ್ಮ ಭಾಷೆಗಳ ತಾಣಗಳ ಜಾಹೀರಾತಿಗೆ ಬರೆದದ್ದು. ಬ್ರೌಸರ್ ಭಾಷೆ ಕನ್ನಡವೋ ಹಿಂದಿಯೋ ಆಗಿದ್ದರೆ ಯುಬ್ಲಾಕ್ ಇದನ್ನು ತಾನೇ ಆರಿಸಿಕೊಳ್ಳುತ್ತದೆ. ನಮ್ಮಲ್ಲಿ ಹೆಚ್ಚಿನವರದ್ದು ಇಂಗ್ಲಿಷ್ ಬ್ರೌಸರ್, ಹಾಗಾಗಿ ಟಿಕ್ ಬಿದ್ದಿರುವುದಿಲ್ಲ. ಟಿಕ್ ಮಾಡಿ ಅಪ್ಲೈ ಒತ್ತಿ, ಆಮೇಲೆ ಅಪ್‌ಡೇಟ್ ನೌ ಒತ್ತಿ. ಕನ್ನಡ ಸುದ್ದಿಪುಟದ ನಡುವೆ ಉಳಿದುಕೊಳ್ಳುವ ಖಾಲಿ ಚೌಕಗಳಲ್ಲಿ ಬಹಳಷ್ಟು ಇದರಿಂದಲೇ ಹೋಗುತ್ತವೆ.

ಉತ್ತರ 2: ಲಿಪಿ_ಸಂಗಾತಿ

ಮೇಲಿನವರ ಮಾತಿಗೆ ನನ್ನ ಸಮ್ಮತಿ ಇದೆ. ನೀವು ನುಡಿ ಫಾಂಟ್ ಇದೆ ಅಂದಿರಲ್ಲ, ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕುಕ್ಕಿ ಅಳಿಸಿದರೂ ನಿಮ್ಮನ್ನು ಗುರುತು ಹಿಡಿಯುವ ವಿಧಾನ ಫಿಂಗರ್‌ಪ್ರಿಂಟಿಂಗ್. ಪರದೆ ಅಳತೆ, ಸಮಯವಲಯ, ಭಾಷೆ, ಗ್ರಾಫಿಕ್ಸ್ ಕಾರ್ಡ್, ಇರುವ ಫಾಂಟ್‌ಗಳು ಎಲ್ಲ ಕೂಡಿಸಿದರೆ ಒಂದು ಯಂತ್ರ ಇನ್ನೊಂದರಂತೆ ಇರುವುದು ಅಪರೂಪ. ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್ಎಫ್ 2010ರಲ್ಲೇ ಪ್ಯಾನೊಪ್ಟಿಕ್ಲಿಕ್ ಪ್ರಯೋಗದಲ್ಲಿ ಇದನ್ನು ತೋರಿಸಿತ್ತು. ಅದೇ ಪರೀಕ್ಷೆ ಈಗ ಕವರ್ ಯುವರ್ ಟ್ರ್ಯಾಕ್ಸ್ ಹೆಸರಲ್ಲಿದೆ, ಈಗಿನ ಬ್ರೌಸರ್‌ನಲ್ಲೊಮ್ಮೆ ಹೊಸದರಲ್ಲೊಮ್ಮೆ ಓಡಿಸಿ ನೋಡಿ. ಫಾಂಟ್ ಇದೆಯೇ ಎಂದು ತಿಳಿಯಲು ತಾಣ ನಿಮ್ಮನ್ನು ಕೇಳಬೇಕಿಲ್ಲ. ಒಂದು ಪದವನ್ನು ಮೊದಲು ಸಾದಾ ಫಾಂಟಲ್ಲಿ, ಆಮೇಲೆ ನುಡಿ 01 ಇ ಹೆಸರಿಟ್ಟು ಮರೆಯಲ್ಲಿ ಬರೆದು ಅಗಲ ಅಳೆಯುತ್ತದೆ. ಅಗಲ ಬದಲಾಯಿತೋ, ಫಾಂಟ್ ಇದೆ ಎಂದರ್ಥ. ನುಡಿಯೂ ಬರಹದ ಬಿಆರ್‌ಎಚ್ ಫಾಂಟ್‌ಗಳೂ ಇರುವ ಯಂತ್ರ ಅಂದರೆ, ಕನ್ನಡದಲ್ಲಿ ಡಿಟಿಪಿಯೋ ಕಚೇರಿ ಬರವಣಿಗೆಯೋ ಮಾಡುವವರದ್ದು ಅಂತ ಒಂದೇ ಏಟಿಗೆ ಗೊತ್ತಾಗುತ್ತದೆ. ಜಗತ್ತಿನ ಒಟ್ಟು ಬಳಕೆದಾರರಲ್ಲಿ ಅದು ತೀರ ಸಣ್ಣ ಗುಂಪು.

ಫೈರ್‌ಫಾಕ್ಸ್ ಸ್ಟ್ರಿಕ್ಟ್‌ನಲ್ಲಿ ನೀವಾಗಿ ಹಾಕಿದ ಫಾಂಟ್‌ಗಳನ್ನು ತಾಣಗಳಿಂದ ಮರೆಮಾಡುತ್ತದೆ. ಲಿಬ್ರೆವುಲ್ಫ್, ಮಲ್ವಾಡ್ ಬಳಸುವ ರೆಸಿಸ್ಟ್‌ಫಿಂಗರ್‌ಪ್ರಿಂಟಿಂಗ್ ಸೆಟ್ಟಿಂಗ್ ಇನ್ನೂ ಬಿಗಿ. ಅದರಿಂದ ಎರಡು ಪರಿಣಾಮ. ವಿಂಡೋಸ್‌ನಲ್ಲಿ ಯುನಿಕೋಡ್ ಕನ್ನಡ ನಿರ್ಮಲಾ ಯುಐ ಫಾಂಟಲ್ಲಿ ಮೂಡುತ್ತದೆ, ಓದಲು ಏನೂ ಅಡ್ಡಿಯಿಲ್ಲ. ಹಳೆಯ ಕನ್ನಡ ಫಾಂಟ್ ತುಂಗಾ ವಿಂಡೋಸ್ 10ರಿಂದ ಈಚೆಗೆ ಹೆಚ್ಚುವರಿ ಫಾಂಟ್ ಗುಂಪಿಗೆ ಸೇರಿದೆ, ಹಾಗಾಗಿ ತುಂಗಾ ಕೇಳುವ ಪುಟದ ಅಕ್ಷರ ಸ್ವಲ್ಪ ಬೇರೆಯಾಗಿ ಕಾಣಬಹುದು. ನಿಜವಾದ ತೊಂದರೆ ಬರುವುದು ಯುನಿಕೋಡ್‌ಗೆ ಮುಂಚಿನ ಹಳೆಯ ಪುಟಗಳಲ್ಲಿ. ಆ ಪುಟದ ಒಳಗಿರುವುದು ಲ್ಯಾಟಿನ್ ಸಂಕೇತಗಳು, ನುಡಿ ಫಾಂಟ್ ಇದ್ದಾಗ ಮಾತ್ರ ಅವು ಕನ್ನಡದ ರೂಪ ತಾಳುತ್ತವೆ. ಫಾಂಟ್ ಮರೆಯಾದರೆ ಪುಟ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅಂಥ ಪುಟ ಸಿಕ್ಕರೆ ಫೈರ್‌ಫಾಕ್ಸ್‌ನಲ್ಲಿ ವಿಳಾಸದ ಎಡಗಡೆ ಇರುವ ಗುರಾಣಿ ಗುರುತು ಒತ್ತಿ ಆ ತಾಣಕ್ಕಷ್ಟೇ ರಕ್ಷಣೆ ಆಫ್ ಮಾಡಿ. ಇಲ್ಲವೇ ಪಠ್ಯ ನಕಲು ಮಾಡಿ ನುಡಿಯಿಂದ ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಕ್ಕೆ ಹಾಕಿ. ಪಿಡಿಎಫ್ ಸುತ್ತೋಲೆಗಳಿಗೆ ಈ ಕಾಟವಿಲ್ಲ, ಫಾಂಟ್ ಸಾಮಾನ್ಯವಾಗಿ ಕಡತದ ಒಳಗೇ ಇರುತ್ತದೆ.

ಭಾಷೆಯ ಆಯ್ಕೆಯೂ ಹೀಗೆಯೇ. ಸೆಟ್ಟಿಂಗ್ಸ್‌ನಲ್ಲಿ ಪುಟಗಳ ಭಾಷೆಯಾಗಿ ಕನ್ನಡವನ್ನು ಮೊದಲಿಟ್ಟರೆ ಆ ಸಂಗತಿ ಪ್ರತಿ ಕೋರಿಕೆಯ ಜೊತೆಗೂ ಹೋಗುತ್ತದೆ. ಲಾಗಿನ್ ಆಗಿಯೇ ಬಳಸುವ ದಿನಬಳಕೆಯ ಬ್ರೌಸರ್‌ನಲ್ಲಿ ಕನ್ನಡವನ್ನೇ ಇಡಿ. ಅಲ್ಲಿ ನೀವು ಯಾರು ಅಂತ ತಾಣಕ್ಕೆ ಹೇಗೂ ಗೊತ್ತು, ತಾಣಗಳಿಗೆ ಕನ್ನಡ ಬೇಕು ಅಂತ ಕೇಳುವವರು ಇದ್ದಾರೆ ಎಂಬ ಲೆಕ್ಕವೂ ಸಿಗಲಿ. ಗುರುತು ಕೊಡದೆ ಓದುವ ಬ್ರೌಸರ್‌ನಲ್ಲಿ ಮಾತ್ರ ಅದು ಹೇಗೆ ಬಂದಿದೆಯೋ ಹಾಗೇ ಇಂಗ್ಲಿಷ್ ಇರಲಿ.

ಆ ಎರಡನೆಯ ಕೆಲಸಕ್ಕೆ ಮಲ್ವಾಡ್ ಬ್ರೌಸರ್. 2023ರ ಏಪ್ರಿಲ್‌ನಲ್ಲಿ ಟಾರ್ ಪ್ರಾಜೆಕ್ಟ್ ಮತ್ತು ಐಪಿ ವಿಳಾಸ ಮರೆಮಾಡುವ ಸೇವೆ ಮಲ್ವಾಡ್ ವಿಪಿಎನ್ ಸೇರಿ ತಂದದ್ದು. ಟಾರ್ ಬ್ರೌಸರ್‌ನದ್ದೇ ಮೈಕಟ್ಟು, ಸಂಪರ್ಕವನ್ನು ಹಲವು ಯಂತ್ರಗಳ ಮೂಲಕ ಸುತ್ತಿಸಿ ಗುರುತು ಮರೆಸುವ ಟಾರ್ ಜಾಲ ಮಾತ್ರ ಇಲ್ಲ. ಇದರ ತಂತ್ರ ಎಲ್ಲರನ್ನೂ ಒಂದೇ ಥರ ಕಾಣಿಸುವುದು. ಹಾಗಾಗಿ ಇನ್ನೊಂದು ಎಕ್ಸ್‌ಟೆನ್ಶನ್ ಸೇರಿಸಬೇಡಿ, ಥೀಮ್ ಹಾಕಬೇಡಿ, ಪುಟದ ಸುತ್ತ ಬರುವ ಬೂದು ಅಂಚು ದೋಷ ಅಂತ ತೆಗೆಯಲು ಹೋಗಬೇಡಿ. ವಿಂಡೋ ಅಗಲವನ್ನು 200, ಎತ್ತರವನ್ನು 100 ಪಿಕ್ಸೆಲ್ ಹಂತಕ್ಕೆ ಕೂರಿಸಿ ನಿಮ್ಮ ಪರದೆಯ ನಿಜ ಅಳತೆ ಮುಚ್ಚಿಡುವುದೇ ಆ ಅಂಚಿನ ಕೆಲಸ. ಮುಚ್ಚಿದೊಡನೆ ಲಾಗಿನ್, ಚರಿತ್ರೆ ಎಲ್ಲ ಹೋಗುತ್ತದೆ. ವಿಪಿಎನ್ ಇಲ್ಲದೆ ಓಡಿಸಿದರೆ ನಿಮ್ಮ ಐಪಿ ವಿಳಾಸ ತಾಣಕ್ಕೆ ಕಾಣುತ್ತದೆ, ಹೆಸರಲ್ಲಿ ಮಲ್ವಾಡ್ ಇದ್ದ ಮಾತ್ರಕ್ಕೆ ವಿಪಿಎನ್ ಸೇರಿಕೊಂಡು ಬರುವುದಿಲ್ಲ. ಫೋನಿಗೆ ಇದು ಇಲ್ಲ.

ಲಿಬ್ರೆವುಲ್ಫ್ ಸಾದಾ ಫೈರ್‌ಫಾಕ್ಸ್, ಮಲ್ವಾಡ್ ಇವೆರಡರ ನಡುವೆ ನಿಲ್ಲುತ್ತದೆ. ಫೈರ್‌ಫಾಕ್ಸ್‌ನ ಕೋಡಿಗೆ ಟೆಲಿಮೆಟ್ರಿ (ಬಳಕೆಯ ಮಾಹಿತಿ ಕಳಿಸುವ ಭಾಗ) ಕಿತ್ತು, ಯುಬ್ಲಾಕ್ ಒಳಗೇ ಇಟ್ಟು, ಮುಚ್ಚಿದಾಗ ಕುಕ್ಕಿ ಅಳಿಸುವಂತೆ ಮಾಡಿದ್ದಾರೆ. ಸಮುದಾಯದ ಕೆಲಸ, ಚೆನ್ನಾಗಿದೆ. ನಿಮ್ಮ ಅರ್ಜಿ ತುಂಬುವ ಕೆಲಸಕ್ಕೆ ಮಾತ್ರ ನಾನು ಬೇಡ ಅನ್ನುತ್ತೇನೆ. ಕಾರಣ ಹೇಳುತ್ತೇನೆ. ರೆಸಿಸ್ಟ್‌ಫಿಂಗರ್‌ಪ್ರಿಂಟಿಂಗ್ ಆನ್ ಇರುವಾಗ ಕ್ಯಾನ್ವಾಸ್‌ನಿಂದ (ಪುಟದೊಳಗೆ ಚಿತ್ರ ಬಿಡಿಸುವ ಜಾಗ) ಚಿತ್ರ ಓದುವ ಕೋಡಿಗೆ ಸುಳ್ಳು ಪಿಕ್ಸೆಲ್ ಸಿಗುತ್ತದೆ. ಅರ್ಜಿಯ ತಾಣಗಳು ಫೋಟೊವನ್ನು ನಿಮ್ಮ ಬ್ರೌಸರ್‌ನಲ್ಲೇ 50 ಕೆಬಿಗೆ ಕುಗ್ಗಿಸಲು, ಕತ್ತರಿಸಲು ಬಳಸುವುದು ಅದೇ ಕ್ಯಾನ್ವಾಸ್ ಅನ್ನು. ಫಲ: ಆಯ್ಕೆ ಮಾಡಿದಾಗ ಮುಖ ಸರಿಯಾಗಿ ಕಾಣುತ್ತದೆ, ಸಲ್ಲಿಕೆಯಾಗುವುದು ಬಣ್ಣಬಣ್ಣದ ಗೆರೆಗಳ ಚೌಕ. ಅರ್ಜಿ ಸಂಖ್ಯೆ ಬಂದ ಮೇಲೆ ತಿದ್ದಲೂ ಆಗದ ತಾಣಗಳಿವೆ. ವಿಳಾಸಪಟ್ಟಿಯಲ್ಲಿ ಮೂಡುವ ಸಣ್ಣ ಚಿತ್ರದ ಗುರುತು ಒತ್ತಿ ಆ ತಾಣಕ್ಕೆ ಕ್ಯಾನ್ವಾಸ್ ಅನುಮತಿ ಕೊಟ್ಟು, ಪುಟ ಹೊಸದಾಗಿ ತೆರೆದು, ಫೋಟೊ ಮತ್ತೆ ಸೇರಿಸಿ. ಅಂತಿಮ ಸಲ್ಲಿಕೆಗೆ ಮುಂಚೆ ಪ್ರಿವ್ಯೂನಲ್ಲಿ ಫೋಟೊ, ಸಹಿ ಎರಡನ್ನೂ ದೊಡ್ಡದು ಮಾಡಿ ನೋಡಲೇಬೇಕು.

ಇನ್ನೊಂದು, ಸಮಯ. ಆ ಸೆಟ್ಟಿಂಗ್ ಸಮಯವಲಯವನ್ನು ಯುಟಿಸಿ ಅಂತ ತೋರಿಸುತ್ತದೆ. ನಮ್ಮ ಗಡಿಯಾರಕ್ಕಿಂತ 5 ಗಂಟೆ 30 ನಿಮಿಷ ಹಿಂದೆ. ಬೆಳಿಗ್ಗೆ 11ರ ಸಭೆ ವೆಬ್ ಕ್ಯಾಲೆಂಡರಿನಲ್ಲಿ 5.30 ಅಂತ ಕಂಡರೆ ಕಾರಣ ಇದು.

ಇಷ್ಟಾಗಿಯೂ ಲಿಬ್ರೆವುಲ್ಫ್ ಬೇಕೆಂದರೆ, ವಿಂಡೋಸ್‌ನಲ್ಲಿ ಅದಕ್ಕೆ ಫೈರ್‌ಫಾಕ್ಸ್‌ನಂತೆ ಒಳಗೇ ಅಪ್‌ಡೇಟರ್ ಇಲ್ಲ. ಲಿಬ್ರೆವುಲ್ಫ್ ವಿನ್‌ಅಪ್‌ಡೇಟರ್ ಅನ್ನೂ ಜೊತೆಗೆ ಹಾಕಿಕೊಳ್ಳಿ. ಫೈರ್‌ಫಾಕ್ಸ್‌ನ ಹೊಸ ಆವೃತ್ತಿ ಬಂದ ಮೇಲೆ ಲಿಬ್ರೆವುಲ್ಫ್‌ನದ್ದು ಸಾಮಾನ್ಯವಾಗಿ ಮೂರು ದಿನದೊಳಗೆ ಬರುತ್ತದೆ, ನೀವು ಇಳಿಸಿಕೊಂಡರೆ ತಾನೆ ಉಪಯೋಗ. ಡಿಆರ್‌ಎಂ (ವಿಡಿಯೊ ನಕಲು ತಡೆ) ಕೂಡ ಆಫ್ ಇರುತ್ತದೆ, ಸಿನಿಮಾ ತಾಣಗಳು ಓಡದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕು.

ಉತ್ತರ 3: ಹುಬ್ಬಳ್ಳಿ_ಲೆಕ್ಕ

ಜಿಎಸ್‌ಟಿ ವಿಷಯ ನಾ ಹೇಳ್ತೀನ್ರಿ. ಬ್ರೌಸರ್ ಬದಲಿ ಮಾಡಿದವರು ಮೊದಲು ಸಿಕ್ಕಿಬೀಳೋದು ಇಲ್ಲೇ.

ಡಿಎಸ್‌ಸಿ ಸಹಿ ಬ್ರೌಸರ್ ಮಾಡೂದಿಲ್ಲ. ಎಂಸೈನರ್ ಅನ್ನೋ ಪ್ರೋಗ್ರಾಂ ನಿಮ್ಮ ಯಂತ್ರದಾಗ 127.0.0.1 ವಿಳಾಸದ 1585 ಪೋರ್ಟ್‌ನ್ಯಾಗ ಕುಂತಿರತೈತಿ. ಪೋರ್ಟಲ್ ಪುಟ ಬ್ರೌಸರ್ ಮೂಲಕ ಅದರ ಕೂಡ ಮಾತಾಡ್ತೈತಿ, ಅದು ಟೋಕನ್ ಕೂಡ ಮಾತಾಡ್ತೈತಿ. ಹೊರಗಿನ ತಾಣ ನಿಮ್ಮ ಯಂತ್ರದ ಒಳಗಿನ ಪೋರ್ಟ್ ತಟ್ಟೋದು ಕಂಡ್ರ ಖಾಸಗಿತನ ಕಾಯೋ ಬ್ರೌಸರ್ ತಡೀತೈತಿ. ಅದರ ಕೆಲಸ ಅದು ಮಾಡ್ತೈತಿ, ತಪ್ಪಲ್ಲ. ಪೋರ್ಟಲ್‌ದಾಗ ಮಾತ್ರ ನಿಮಗ ಸರ್ವರ್ ಸಂಪರ್ಕ ಆಗಲಿಲ್ಲ, ಎಂಸೈನರ್ ಮತ್ತ ಶುರು ಮಾಡ್ರಿ ಅನ್ನೋ ಅರ್ಥದ ಸಂದೇಶ ಬರತೈತಿ. ಮಂದಿ ಎಂಸೈನರ್ ಕಿತ್ತು ಮತ್ತ ಮತ್ತ ಹಾಕ್ತಾರ, ರೋಗ ಅಲ್ಲಿ ಇರೂದಿಲ್ಲ.

ಹಿಂಗ ಮಾಡ್ರಿ. ಎಂಸೈನರ್‌ನ್ನ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಅಂತ ತೆರೀರಿ. ಫೈರ್‌ಫಾಕ್ಸ್‌ದಾಗ ಹೊಸ ಟ್ಯಾಬ್ ತೆಗೆದು ಎಚ್‌ಟಿಟಿಪಿಎಸ್ ಹಚ್ಚಿ 127.0.0.1, ಕೋಲನ್, 1585 ಅಂತ ಹೊಡೀರಿ. ಸರ್ಟಿಫಿಕೇಟ್ ಎಚ್ಚರಿಕೆ ಬಂದ್ರ ಅಡ್ವಾನ್ಸ್ಡ್ ಒತ್ತಿ ಒಪ್ಪಿಗೆ ಕೊಡ್ರಿ. ಇದು ನಿಮ್ಮ ಯಂತ್ರದ್ದೇ ವಿಳಾಸ ಅಂತ ಒಪ್ಪೋದು ಸರಿ, ಬ್ಯಾರೆ ಯಾವ ತಾಣಕ್ಕೂ ಈ ಎಚ್ಚರಿಕೆ ದಾಟಬ್ಯಾಡ್ರಿ. ಆಮ್ಯಾಲೆ ಜಿಎಸ್‌ಟಿ ಪುಟ ರೀಫ್ರೆಶ್ ಮಾಡಿ ಸಹಿಗೆ ಹೋಗ್ರಿ.

ಅಷ್ಟಾದ್ರೂ ಬರಲಿಲ್ಲ ಅಂದ್ರ ಯುಬ್ಲಾಕ್ ಫಿಲ್ಟರ್ ಪಟ್ಟಿಯೊಳಗ ಬ್ಲಾಕ್ ಔಟ್‌ಸೈಡರ್ ಇಂಟ್ರೂಶನ್ ಇನ್‌ಟು ಲ್ಯಾನ್ ಅನ್ನೋದಕ್ಕ ಟಿಕ್ ಐತೇನು ನೋಡ್ರಿ. ಇದ್ರ ಯುಬ್ಲಾಕ್ ಗುರುತು ಒತ್ತಿ ಜಿಎಸ್‌ಟಿ ತಾಣಕ್ಕ ಅಷ್ಟ ಆಫ್ ಮಾಡ್ರಿ, ಪಟ್ಟಿ ತೆಗೀಬ್ಯಾಡ್ರಿ, ಬಾಳ ಉಪಯೋಗದ ಪಟ್ಟಿ ಅದು. ಬ್ರೇವ್ 2023ರಿಂದ, 1.54 ಆವೃತ್ತಿಯಿಂದ, ಲೋಕಲ್‌ಹೋಸ್ಟ್ (ನಿಮ್ಮ ಯಂತ್ರದ್ದೇ ವಿಳಾಸ) ಸಂಪರ್ಕ ತಾನ ತಡೀತೈತಿ. ಅಲ್ಲಿ ಸೈಟ್ ಸೆಟ್ಟಿಂಗ್ಸ್‌ದಾಗ ಲೋಕಲ್‌ಹೋಸ್ಟ್ ಅನುಮತಿ ಕೊಡಬೇಕು.

ಪ್ರೊಪ್ರೈಟರ್ ಆಗಿದ್ರ ಈ ಗೋಜೇ ಬ್ಯಾಡ, ಇವಿಸಿ ಆರಿಸಿ ಒಟಿಪಿ ಹಾಕ್ರಿ. ಕಂಪನಿ, ಎಲ್‌ಎಲ್‌ಪಿ ಇದ್ರ ಡಿಎಸ್‌ಸಿ ಕಡ್ಡಾಯ ಐತಿ.

ಉತ್ತಮ ಅಂದ್ರ ಫೈರ್‌ಫಾಕ್ಸ್‌ದಾಗ ಜಿಎಸ್‌ಟಿ, ಬ್ಯಾಂಕಿಗೆ ಬ್ಯಾರೆ ಪ್ರೊಫೈಲ್ ಮಾಡ್ರಿ. ಅದರಾಗ ಯುಬ್ಲಾಕ್ ಬಿಟ್ಟು ಏನೂ ಬ್ಯಾಡ, ರಕ್ಷಣೆ ಸ್ಟ್ಯಾಂಡರ್ಡ್ ಇರಲಿ, ಸುದ್ದಿ ಓದಬ್ಯಾಡ್ರಿ. ದುಡ್ಡು ಕಟ್ಟುವಾಗ ಪುಟ ಖಾಲಿ ಆದ್ರ ಅಲ್ಲೇ ರೀಫ್ರೆಶ್ ಒತ್ತಬ್ಯಾಡ್ರಿ. ಮೊದಲು ಬ್ಯಾಂಕ್ ಖಾತೆಯೊಳಗ ದುಡ್ಡು ಕಡಿತ ಆಗೇತೇನು ನೋಡಿ, ಆಮ್ಯಾಲೆ ಗುರಾಣಿ ಆಫ್ ಮಾಡಿ ಮೊದಲಿಂದ ಶುರು ಮಾಡ್ರಿ.

ಉತ್ತರ 4: ಬೀಗದ_ಕೈ

ಉಲಾ ಬಗ್ಗೆ ಕೇಳಿದ್ದಿರಿ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯ 2023ರ ಆಗಸ್ಟ್‌ನಲ್ಲಿ ಭಾರತೀಯ ಬ್ರೌಸರ್ ಸ್ಪರ್ಧೆ ಘೋಷಿಸಿತು. 2025ರ ಮಾರ್ಚ್‌ನಲ್ಲಿ ಜೋಹೊ ಕಂಪನಿಯ ಉಲಾಗೆ ಮೊದಲ ಬಹುಮಾನ, 1 ಕೋಟಿ ರೂಪಾಯಿ. ಟ್ರ್ಯಾಕರ್ ತಡೆ, ಕೆಲಸಕ್ಕೆ-ಮನೆಗೆ-ಮಕ್ಕಳಿಗೆ ಬೇರೆ ಬೇರೆ ಮೋಡ್, ಇವೆಲ್ಲ ಚೆನ್ನಾಗಿವೆ. ಆದರೆ ಪುಟ ಮೂಡಿಸುವ ಎಂಜಿನ್ ಕ್ರೋಮ್‌ನದ್ದೇ, ಕ್ರೋಮಿಯಂ. ಜಾಲದ ನಿಯಮವನ್ನು ಒಂದೇ ಕಂಪನಿ ಬರೆಯಬಾರದು ಅನ್ನುವ ಕಾಳಜಿ ನಿಮಗಿದ್ದರೆ ಬ್ರೇವ್, ವಿವಾಲ್ಡಿ, ಉಲಾ ಮೂರೂ ಅದೇ ಮರದ ಕೊಂಬೆಗಳು. ಬೇರೆ ಬೇರು ಇರುವುದು ಫೈರ್‌ಫಾಕ್ಸ್‌ನ ಗೆಕ್ಕೊ, ಆ್ಯಪಲ್‌ನ ವೆಬ್‌ಕಿಟ್ ಎರಡಕ್ಕೇ. ಸರ್ವೊ, ಲೇಡಿಬರ್ಡ್ ಎಂಬ ಬೇರೆ ಎಂಜಿನ್‌ಗಳು ಬೆಳೆಯುತ್ತಿವೆ, ದಿನಬಳಕೆಗೆ ಇನ್ನೂ ಅಲ್ಲ.

ಆ ಸ್ಪರ್ಧೆ ದೇಶದ ಸರ್ಟಿಫಿಕೇಟ್ ಪ್ರಾಧಿಕಾರಗಳ ನಿಯಂತ್ರಕ ಸಿಸಿಎಯ ಮೂಲ ಸರ್ಟಿಫಿಕೇಟ್ (ತಾಣ ಅಸಲಿ ಅಂತ ನಂಬಲು ಬುಡದಲ್ಲಿರುವ ಪ್ರಮಾಣಪತ್ರ) ಬ್ರೌಸರ್ ಒಳಗೇ ಇರಬೇಕು ಅಂತ ಕೇಳಿತ್ತು. ಇದಕ್ಕೆ ಹಿನ್ನೆಲೆ ಇದೆ. 2014ರ ಜುಲೈನಲ್ಲಿ ಸಿಸಿಎ ಅಡಿಯಲ್ಲಿದ್ದ ಎನ್‌ಐಸಿ ಹೆಸರಿನ ಸರ್ಟಿಫಿಕೇಟ್ ಪ್ರಾಧಿಕಾರದಿಂದ ಗೂಗಲ್ ಡೊಮೇನ್‌ಗಳಿಗೆ ಅನುಮತಿಯಿಲ್ಲದ ಸರ್ಟಿಫಿಕೇಟ್ ಹೊರಬಿದ್ದಿದ್ದು ಪತ್ತೆಯಾಯಿತು. ಸಿಸಿಎ ಮೂಲ ಆಗ ಮೈಕ್ರೊಸಾಫ್ಟ್ ಪಟ್ಟಿಯಲ್ಲಿತ್ತು, ಹಾಗಾಗಿ ಆ ಪಟ್ಟಿ ನಂಬುವ ವಿಂಡೋಸ್ ಪ್ರೋಗ್ರಾಂಗಳು ಮೋಸಹೋಗಬಹುದಿತ್ತು. ಫೈರ್‌ಫಾಕ್ಸ್ ತನ್ನದೇ ಮೂಲಪಟ್ಟಿ ಇಟ್ಟುಕೊಳ್ಳುವುದರಿಂದ ಅದಕ್ಕೆ ತಟ್ಟಲಿಲ್ಲ. ಸಿಸಿಎ ಮರುದಿನಗಳಲ್ಲೇ ಎನ್‌ಐಸಿ ಸರ್ಟಿಫಿಕೇಟ್‌ಗಳನ್ನು ರದ್ದು ಮಾಡಿತು. ಕ್ರೋಮ್ ಮುಂದೆ ಸಿಸಿಎ ನಂಬಿಕೆಯನ್ನು ಕೆಲವೇ ಭಾರತೀಯ ಡೊಮೇನ್‌ಗಳಿಗೆ ಕಟ್ಟಿಹಾಕಿತು. ಬ್ರೌಸರ್ ಆಯ್ಕೆ ಅಂದರೆ ಯಾರ ಸರ್ಟಿಫಿಕೇಟನ್ನು ನಂಬಬೇಕು ಅನ್ನುವ ಆಯ್ಕೆಯೂ ಹೌದು. ಜಾಹೀರಾತು ತಡೆಗಿಂತ ಇದು ದೊಡ್ಡ ಮಾತು ಅಂತ ನನ್ನ ಅಭಿಪ್ರಾಯ.

ಬ್ರೇವ್: ಯಾವುದೋ ತಾಣ ಫೈರ್‌ಫಾಕ್ಸ್‌ನಲ್ಲಿ ಓಡುವುದೇ ಇಲ್ಲ ಅಂದಾಗ ಎರಡನೇ ಬ್ರೌಸರ್ ಆಗಿ ಇಟ್ಟುಕೊಳ್ಳಿ. ರಿವಾರ್ಡ್ಸ್, ವ್ಯಾಲೆಟ್, ನ್ಯೂಸ್, ಲಿಯೊ ಗುರುತುಗಳನ್ನು ಮರೆಮಾಡಿ. ಪ್ರೈವಸಿ ಪುಟದಲ್ಲಿ ಪಿ3ಎ (ಬಳಕೆಯ ಅಂಕಿಅಂಶ ಕಳಿಸುವುದು) ಮತ್ತು ದಿನದ ಬಳಕೆ ಪಿಂಗ್ ಎರಡನ್ನೂ ಆಫ್ ಮಾಡಿ. ಶೀಲ್ಡ್ಸ್ ಬ್ರೌಸರ್ ಒಳಗಿನದ್ದು, ಮ್ಯಾನಿಫೆಸ್ಟ್ ವಿ3 ಅದಕ್ಕೆ ತಾಗುವುದಿಲ್ಲ.

ಬ್ರೌಸರ್‌ಗಳ ಖಾಸಗಿತನ ಪರೀಕ್ಷಿಸುವ ಪ್ರೈವಸಿಟೆಸ್ಟ್ಸ್ ತಾಣದ ಹಸಿರು ಟಿಕ್ ಎಣಿಸಿ ಬ್ರೌಸರ್ ಆರಿಸುವವರು ಬಹಳ. ಅದನ್ನು ನಡೆಸುವವರು ಬ್ರೇವ್ ಉದ್ಯೋಗಿ, ಅದನ್ನು ಅಲ್ಲೇ ಹೇಳಿಕೊಂಡಿದ್ದಾರೆ. ಪರೀಕ್ಷೆಗಳು ಸರಿಯಾಗಿಯೇ ಇವೆ, ಆದರೆ ಅವು ನೋಡುವುದು ಡೀಫಾಲ್ಟ್ ಮಾತ್ರ. ನೀವು ಯುಬ್ಲಾಕ್ ಹಾಕಿದ ಫೈರ್‌ಫಾಕ್ಸ್ ಆ ಪಟ್ಟಿಯಲ್ಲಿ ಇಲ್ಲ.

ಹೇಮಾವತಿ_ದಂಡೆ

ಎಲ್ಲರಿಗೂ ಧನ್ಯವಾದ. ಫೈರ್‌ಫಾಕ್ಸ್ ಎರಡು ಪ್ರೊಫೈಲ್, ಓದಲು ಮಲ್ವಾಡ್, ಇದೇ ಸರಿ ಅನಿಸುತ್ತಿದೆ. ಉಳಿದದ್ದು ಮೂರು: ಕ್ರೋಮ್‌ನ ಪಾಸ್‌ವರ್ಡ್ ತರುವುದು ಹೇಗೆ, ಉಬುಂಟುವಿನ ಫೈರ್‌ಫಾಕ್ಸ್ ಹಾಗೇ ಇರಲಿಯೇ, ಫೋನಿನಲ್ಲಿ ಏನು ಮಾಡಲಿ?

ಉತ್ತರ 5: ತೆರೆದ_ಕಿಟಕಿ

ಉಬುಂಟುವಿನಲ್ಲಿ ಬರುವುದು ಸ್ನ್ಯಾಪ್ (ಬೇಲಿಯೊಳಗೆ ಓಡುವ ಪ್ಯಾಕೇಜು) ರೂಪದ ಫೈರ್‌ಫಾಕ್ಸ್. ಓದಲು, ಬರೆಯಲು ಪರವಾಗಿಲ್ಲ. ಯುಎಸ್‌ಬಿ ಟೋಕನ್ ಬಳಸಿದರೆ ಸ್ನ್ಯಾಪ್‌ನ ಬೇಲಿ ಅಡ್ಡ ಬರುತ್ತದೆ, ಟೋಕನ್ನಿನ ಲೈಬ್ರರಿ ಕಡತ ಅದಕ್ಕೆ ಸಿಗುವುದಿಲ್ಲ. 2024ರ ಆರಂಭದಿಂದ ಮೊಝಿಲ್ಲಾ ತನ್ನದೇ ಎಪಿಟಿ ರೆಪೊಸಿಟರಿ (ಪ್ಯಾಕೇಜು ಇಳಿಸುವ ಭಂಡಾರ) ಕೊಡುತ್ತಿದೆ, ಅಲ್ಲಿಂದ ಹಾಕಿ. ಆಗ ಆ ರೆಪೊಸಿಟರಿಗೆ 1000 ಆದ್ಯತೆಯ ಪಿನ್ ಕಡತ ಬರೆಯುವುದನ್ನು ಬಿಡಬೇಡಿ. ಬಿಟ್ಟರೆ ಮುಂದಿನ ಅಪ್‌ಗ್ರೇಡ್‌ನಲ್ಲಿ ಉಬುಂಟುವಿನ ಹೆಸರಿಗಷ್ಟೇ ಇರುವ ಪ್ಯಾಕೇಜು ಸ್ನ್ಯಾಪ್ ಅನ್ನೇ ಮತ್ತೆ ತಂದು ಕೂರಿಸುತ್ತದೆ.

ಫೋನಿಗೆ ಫೈರ್‌ಫಾಕ್ಸ್ ಹಾಕಿ, ಮೆನುವಿನ ಎಕ್ಸ್‌ಟೆನ್ಶನ್ಸ್‌ನಿಂದ ಯುಬ್ಲಾಕ್ ಒರಿಜಿನ್ ಸೇರಿಸಿ. ಇಂಡಿಯನ್‌ಲಿಸ್ಟ್ ಟಿಕ್ ಇಲ್ಲಿಯೂ ಬೇಕು. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಬ್ರೌಸರ್ ಬದಲಾಯಿಸಿ. ಅಷ್ಟಾದರೂ ಕೆಲವು ಸೋಶಿಯಲ್ ಮೀಡಿಯಾ ಆ್ಯಪ್‌ಗಳು ಲಿಂಕನ್ನು ತಮ್ಮೊಳಗಿನ ಬ್ರೌಸರ್‌ನಲ್ಲೇ ತೆರೆಯುತ್ತವೆ, ಅಲ್ಲಿ ಯುಬ್ಲಾಕ್ ಇರುವುದಿಲ್ಲ. ಮೂರು ಚುಕ್ಕಿ ಒತ್ತಿ ಹೊರಗಿನ ಬ್ರೌಸರ್‌ನಲ್ಲಿ ತೆರೆಯಿರಿ. ಮನೆಯಲ್ಲಿ ಯಾರದಾದರೂ ಐಫೋನ್ ಇದ್ದರೆ ಅಲ್ಲಿ ನಮ್ಮ ದೇಶದಲ್ಲಿ ಎಲ್ಲ ಬ್ರೌಸರಿನ ಒಳಗೂ ವೆಬ್‌ಕಿಟ್ಟೇ, ಫೈರ್‌ಫಾಕ್ಸ್‌ಗೆ ಎಕ್ಸ್‌ಟೆನ್ಶನ್ ಸೌಲಭ್ಯವಿಲ್ಲ. ಸಫಾರಿಗೆ ಯುಬ್ಲಾಕ್ ಒರಿಜಿನ್ ಲೈಟ್ ಬಂದಿದೆ, ಅದನ್ನು ಹಾಕಿಕೊಡಿ.

ಉತ್ತರ 6: ಬೀಗದ_ಕೈ

ಪಾಸ್‌ವರ್ಡ್: ಕ್ರೋಮ್‌ನ ಪಾಸ್‌ವರ್ಡ್ ಮ್ಯಾನೇಜರ್ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಪೋರ್ಟ್ ಒತ್ತಿದರೆ ಒಂದು ಸಿಎಸ್‌ವಿ ಕಡತ ಬರುತ್ತದೆ. ಫೈರ್‌ಫಾಕ್ಸ್‌ನ ಪಾಸ್‌ವರ್ಡ್ಸ್ ಪುಟದಲ್ಲಿ ಮೂರು ಚುಕ್ಕಿ ಒತ್ತಿ, ಕಡತದಿಂದ ಇಂಪೋರ್ಟ್ ಮಾಡಿ. ಆ ಸಿಎಸ್‌ವಿಯಲ್ಲಿ ಎಲ್ಲ ಪಾಸ್‌ವರ್ಡ್ ಬಿಚ್ಚಿಟ್ಟ ಅಕ್ಷರಗಳಲ್ಲೇ ಇರುತ್ತವೆ. ಡೌನ್‌ಲೋಡ್ಸ್ ಫೋಲ್ಡರ್ ಒನ್‌ಡ್ರೈವ್‌ಗೆ ಸಿಂಕ್ ಆಗುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಎಕ್ಸ್‌ಪೋರ್ಟ್ ಮಾಡಿ. ಕೆಲಸ ಮುಗಿದೊಡನೆ ಶಿಫ್ಟ್ ಹಿಡಿದು ಡಿಲೀಟ್ ಒತ್ತಿ, ಬರೀ ಡಿಲೀಟ್ ಒತ್ತಿದರೆ ಅದು ರೀಸೈಕಲ್ ಬಿನ್‌ನಲ್ಲಿ ಕೂತಿರುತ್ತದೆ.

ಫೈರ್‌ಫಾಕ್ಸ್‌ನಲ್ಲಿ ಪ್ರೈಮರಿ ಪಾಸ್‌ವರ್ಡ್ ಹಾಕಿ, ಇಲ್ಲದಿದ್ದರೆ ಲ್ಯಾಪ್‌ಟಾಪ್ ತೆರೆದವರೆಲ್ಲ ನೋಡಬಹುದು. ಎರಡು ಪ್ರೊಫೈಲ್, ಫೋನು ಎಲ್ಲದಕ್ಕೂ ಒಂದೇ ಕಡೆ ಇಡಬೇಕೆಂದರೆ ಬಿಟ್‌ವಾರ್ಡನ್ ನೋಡಿ, ಕಂಪ್ಯೂಟರಿಗಷ್ಟೇ ಸಾಕು ಅಂದರೆ ಕೀಪಾಸ್‌ಎಕ್ಸ್‌ಸಿ; ಎರಡೂ ಓಪನ್ ಸೋರ್ಸ್. ಹತ್ತು ಹದಿನೈದು ದಿನ ಹೊಸದರಲ್ಲಿ ಎಲ್ಲ ಲಾಗಿನ್ ಆಗುತ್ತಿದೆ ಅಂತ ಖಾತ್ರಿಯಾದ ಮೇಲೆ ಗೂಗಲ್ ಖಾತೆಯಲ್ಲಿ ಉಳಿದಿರುವ ಪಾಸ್‌ವರ್ಡ್‌ಗಳನ್ನೂ ಅಳಿಸಿ. ಕ್ರೋಮ್ ಅನ್‌ಇನ್‌ಸ್ಟಾಲ್ ಮಾಡಿದರೆ ಅವು ಹೋಗುವುದಿಲ್ಲ.